ಕೊಲಂಬೊ ದಾರಿಯ ಮೆಣಸು: ನೆರೆದೇಶಗಳ ಮುಕ್ತ ವ್ಯಾಪಾರ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸೋರುತ್ತದೆ

ಒಂದು ಕಿಲೋ ಕಾಳುಮೆಣಸಿನಿಂದ ಶುರು ಮಾಡೋಣ. ತೂತ್ತುಕುಡಿಯಲ್ಲೋ ಕೊಚ್ಚಿಯಲ್ಲೋ ಹಡಗಿನಿಂದ ಇಳಿಯುವಾಗ ಸಾಗಣೆ, ವಿಮೆ ಎಲ್ಲ ಸೇರಿ ಅದರ ಬೆಲೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಲೆಕ್ಕ ಸರಳವಾಗಲಿ ಎಂದು ಸೆಸ್ಸು, ಜಿಎಸ್‌ಟಿ ಬದಿಗಿಡೋಣ. ಬ್ರೆಜಿಲ್‌ನಿಂದ ಬಂದ ಮೆಣಸಾದರೆ ಸುಂಕ ಶೇ 70, ನಮ್ಮ ದಡಕ್ಕೆ ಬೀಳುವ ಬೆಲೆ 680. ವಿಯೆಟ್ನಾಂನಿಂದ ಆಸಿಯಾನ್, ಅಂದರೆ ಆಗ್ನೇಯ ಏಷ್ಯಾ ದೇಶಗಳ ಕೂಟದ ಒಪ್ಪಂದದಡಿ ಬಂದರೆ ಸುಂಕ ಸುಮಾರು ಶೇ 50, ಬೆಲೆ 600. ಶ್ರೀಲಂಕಾದಿಂದ ದಕ್ಷಿಣ ಏಷ್ಯಾ ಒಪ್ಪಂದ, ಅಂದರೆ ಸಾಫ್ಟಾ ದಾರಿಯಲ್ಲಿ ಬಂದರೆ ಶೇ 8, ಬೆಲೆ 432. ಅದೇ ಶ್ರೀಲಂಕಾದಿಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಕೋಟಾದೊಳಗೆ ಬಂದರೆ ಸುಂಕವೇ ಇಲ್ಲ, 400ಕ್ಕೆ 400.

ಚೀಲದೊಳಗಿನ ಕಾಳು ನೋಡಿದರೆ ಯಾವುದು ಯಾವ ದಾರಿಯಲ್ಲಿ ಬಂತು ಎಂದು ಹೇಳಲಾಗದು. ಆದರೆ ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಇಳಿದು, ಚೀಲ ಬದಲಿಸಿ, ಶ್ರೀಲಂಕಾದ್ದೆಂಬ ಕಾಗದ ಹೊತ್ತು ಬಂದರೆ ಕಿಲೋಗೆ 200 ರೂಪಾಯಿ ಸುಂಕ ಉಳಿಯುತ್ತದೆ. 20 ಅಡಿ ಕಂಟೇನರಿನಲ್ಲಿ 13 ಟನ್ ಹಿಡಿಯುತ್ತದೆ ಎಂದರೂ ಒಂದೇ ಪೆಟ್ಟಿಗೆಯ ಮೇಲೆ 26 ಲಕ್ಷ ರೂಪಾಯಿ. ಇವತ್ತಿನ ಮಾತಿನ ತಿರುಳು ಈ 26 ಲಕ್ಷದಲ್ಲಿದೆ. ನೆರೆಯ ಎರಡು ದೇಶಗಳು ತಮ್ಮೊಳಗೆ ಸುಂಕ ತೆಗೆದು, ಹೊರಗಿನವರಿಗೆ ಮಾತ್ರ ಬೇರೆ ಬೇರೆ ಸುಂಕ ಇಟ್ಟುಕೊಂಡರೆ, ಆ ಎರಡು ಸುಂಕಗಳ ನಡುವಿನ ಅಂತರ ಮೂರನೆಯ ದೇಶದ ಸರಕನ್ನು ಎಳೆದು ತರುತ್ತದೆ. ಅದನ್ನು ತಡೆಯುವ ಕಟ್ಟೆಗೆ ಮೂಲದ ನಿಯಮ ಎಂದು ಹೆಸರು. ಸರಕು ನಿಜಕ್ಕೂ ಎಲ್ಲಿಯದು ಎಂದು ತೀರ್ಮಾನಿಸುವ ನಿಯಮ ಅದು. ಕಟ್ಟೆ ಎಲ್ಲಿ ಬಿರುಕು ಬಿಟ್ಟಿತು, ಅದರಿಂದ ಎರಡೂ ಕಡೆಯವರ ಸಂಬಂಧ ಹೇಗೆ ಕೆಟ್ಟಿತು ಎಂಬುದನ್ನು ಶ್ರೀಲಂಕಾದ ಉದಾಹರಣೆ ಹಿಡಿದು ನೋಡೋಣ. ಕೊಡಗು, ಚಿಕ್ಕಮಗಳೂರು, ಹಾಸನದ ಮೆಣಸಿನ ಬಳ್ಳಿಗೂ ಮಲೆನಾಡಿನ ಅಡಿಕೆಗೂ ಇದರ ಬಿಸಿ ನೇರವಾಗಿ ತಟ್ಟಿದೆ.

1998ರಲ್ಲಿ ಒಪ್ಪಿಕೊಂಡದ್ದು

ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿ ಬಿದ್ದದ್ದು 1998ರ ಡಿಸೆಂಬರ್ 28ರಂದು. ಸಹಿ ಮಾಡಿದವರು ಪ್ರಧಾನಿ ವಾಜಪೇಯಿ ಮತ್ತು ಶ್ರೀಲಂಕಾ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ. ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ದೊಡ್ಡಣ್ಣನ ಜವಾಬ್ದಾರಿಯನ್ನು ಭಾರತ ಒಪ್ಪಿಕೊಂಡ ಒಪ್ಪಂದ ಅದು. ಭಾರತ ಸುಂಕ ತೆಗೆಯಲು ಮೂರು ವರ್ಷ, ಶ್ರೀಲಂಕಾಕ್ಕೆ ಎಂಟು ವರ್ಷ. ಮೊದಲ ದಿನವೇ ಭಾರತ 1,351 ಸರಕುಗಳ ಸುಂಕ ತೆಗೆದರೆ ಶ್ರೀಲಂಕಾ ತೆಗೆದದ್ದು 319ರ ಸುಂಕವನ್ನು. ರಿಯಾಯಿತಿಯೇ ಇಲ್ಲದ ಸರಕುಗಳ ಪಟ್ಟಿಯನ್ನು ನೆಗೆಟಿವ್ ಲಿಸ್ಟ್ ಎನ್ನುತ್ತಾರೆ. ಭಾರತದ ಲಿಸ್ಟಿನಲ್ಲಿ 429 ಬಾಬತ್ತು ಇದ್ದರೆ ಶ್ರೀಲಂಕಾದ್ದರಲ್ಲಿ 1,180. ಇಷ್ಟು ಏರುಪೇರಿನ ಹಂಚಿಕೆ ತಪ್ಪಲ್ಲ. ಒಂದು ಕಡೆ ನೂರು ಕೋಟಿ ಜನರ ಮಾರುಕಟ್ಟೆ, ಇನ್ನೊಂದು ಕಡೆ ಸುಮಾರು ಎರಡು ಕೋಟಿ ಜನರ ದೇಶ. ಸಮ ತೂಕದ ಷರತ್ತು ಹಾಕಿದ್ದರೆ ಅನ್ಯಾಯವಾಗುತ್ತಿತ್ತು.

ಆದರೆ ಕೈಯೆತ್ತಿ ಕೊಟ್ಟಂತೆ ಕಂಡ ಕಡೆಯಲ್ಲೇ ಸಣ್ಣ ಅಕ್ಷರಗಳಲ್ಲಿ ಬಿಗಿ ಹಿಡಿದದ್ದೂ ಇತ್ತು. ಶ್ರೀಲಂಕಾದ ಹೆಸರುವಾಸಿ ಸರಕು ಚಹಾ ಮತ್ತು ಸಿದ್ಧ ಉಡುಪು. ಚಹಾಕ್ಕೆ ವರ್ಷಕ್ಕೆ 1.5 ಕೋಟಿ ಕಿಲೋ ಕೋಟಾ. ಉಡುಪಿಗೆ ವರ್ಷಕ್ಕೆ 80 ಲಕ್ಷ ತುಂಡುಗಳ ಕೋಟಾ, ಅದರಲ್ಲಿ 60 ಲಕ್ಷವನ್ನು ಭಾರತದ ಬಟ್ಟೆಯಿಂದಲೇ ಹೊಲಿಯಬೇಕು. ಎರಡೂ ಸರಕುಗಳು ಬರಬೇಕಾದದ್ದು ಗೊತ್ತುಮಾಡಿದ ಒಂದೆರಡು ಬಂದರುಗಳ ಮೂಲಕ ಮಾತ್ರ. ಕೊಲಂಬೊದ ಗಾರ್ಮೆಂಟ್ ಕಾರ್ಖಾನೆಯವರು ಆಗಲೇ ಚೀನಾದ ಬಟ್ಟೆ ತಂದು, ಅಮೆರಿಕದ ಅಂಗಡಿಗಳ ಅಳತೆಗೆ ಹೊಲಿದು ಕಳಿಸುತ್ತಿದ್ದವರು. ಭಾರತದ ಆರ್ಡರಿಗೆಂದು ಬೇರೆ ಬಟ್ಟೆ ತರಿಸಿ, ಬೇರೆ ಲೆಕ್ಕವಿಟ್ಟು, ಬೇರೆ ಬಂದರಿಗೆ ಕಳಿಸುವ ತಾಪತ್ರಯ ಅವರಿಗೆ ಬೇಕಿರಲಿಲ್ಲ. ವರ್ಷಗಟ್ಟಲೆ ಆ ಕೋಟಾ ಹೆಚ್ಚುಕಡಿಮೆ ಖಾಲಿಯಾಗಿಯೇ ಉಳಿಯಿತು. 2007ರ ಸುಮಾರಿಗೆ ಬಂದರಿನ ಷರತ್ತು ತೆಗೆದು, ಬಟ್ಟೆಯ ಷರತ್ತನ್ನು ಸಡಿಲಿಸಿದ ಮೇಲೆ ಉಡುಪಿನ ವ್ಯಾಪಾರ ನಿಧಾನವಾಗಿ ಉಸಿರಾಡತೊಡಗಿತು. ಕಾಗದದ ಮೇಲೆ ಸೊನ್ನೆ ಸುಂಕ ಇದ್ದ ಮಾತ್ರಕ್ಕೆ ಬಾಗಿಲು ತೆರೆದಿದೆ ಎಂದು ತಿಳಿಯಬಾರದು.

ವನಸ್ಪತಿ, ತಾಮ್ರದ ಪಾಠ

ಚಹಾ, ಉಡುಪು ಹೋಗದಿದ್ದರೂ ಶ್ರೀಲಂಕಾದ ರಫ್ತು ಮಾತ್ರ ದಿಢೀರನೆ ಏರಿತು. 2000ದಲ್ಲಿ ಆರು ಕೋಟಿ ಡಾಲರಿನ ಒಳಗಿದ್ದದ್ದು 2005ರಲ್ಲಿ 55 ಕೋಟಿ ಡಾಲರ್ ದಾಟಿತು. ಒಪ್ಪಂದ ಗೆದ್ದಿತು ಎಂದು ಎರಡೂ ಸರ್ಕಾರಗಳು ಹೇಳಿಕೊಂಡವು. ಒಳಗೆ ಬಗೆದು ನೋಡಿದರೆ ಬಹುದೊಡ್ಡ ಪಾಲು ಎರಡೇ ಸರಕಿನದ್ದು: ವನಸ್ಪತಿ ಮತ್ತು ತಾಮ್ರ. ವನಸ್ಪತಿಗೆ ಬೇಕಾದಷ್ಟು ತಾಳೆ ಶ್ರೀಲಂಕಾದಲ್ಲಿ ಬೆಳೆಯುವುದಿಲ್ಲ, ತಾಮ್ರದ ಗಣಿಗಾರಿಕೆಯ ಉದ್ಯಮವೂ ಅಲ್ಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಮೂಲದ ನಿಯಮದ ಒಳಗೆ ಇಳಿಯಬೇಕು. ಹೊರಗಿನ ಕಚ್ಚಾವಸ್ತು ಬಳಸಿ ಮಾಡಿದ ಸರಕು ಶ್ರೀಲಂಕಾದ್ದು ಎನಿಸಿಕೊಳ್ಳಲು ಎರಡು ಪರೀಕ್ಷೆ ಪಾಸಾಗಬೇಕು. ಮೊದಲನೆಯದು ಎಚ್‌ಎಸ್ ಕೋಡಿನ ಪರೀಕ್ಷೆ. ಪ್ರಪಂಚದ ಎಲ್ಲ ಕಸ್ಟಮ್ಸ್ ಕಚೇರಿಗಳು ಸರಕುಗಳಿಗೆ ಕೊಟ್ಟಿರುವ ಅಂಕಿಯ ಮೊದಲ ನಾಲ್ಕು ಅಂಕೆ, ಒಳಗೆ ಬಂದ ಕಚ್ಚಾವಸ್ತುವಿಗೂ ಹೊರಗೆ ಹೋಗುವ ಸರಕಿಗೂ ಬೇರೆಯಾಗಿರಬೇಕು. ಎರಡನೆಯದು ಮೌಲ್ಯವರ್ಧನೆ. ಹಡಗು ಹತ್ತಿಸುವಾಗಿನ ಬೆಲೆ, ಅಂದರೆ ಎಫ್‌ಒಬಿ ಬೆಲೆ 100 ರೂಪಾಯಿ ಆಗಿದ್ದರೆ ಅದರಲ್ಲಿ ಕನಿಷ್ಠ 35 ಶ್ರೀಲಂಕಾದಲ್ಲೇ ಸೇರಿರಬೇಕು. ಹೊರಗಿನ ಕಚ್ಚಾವಸ್ತು 65 ಮೀರುವಂತಿಲ್ಲ. ಕಚ್ಚಾವಸ್ತು ಭಾರತದ್ದೂ ಇದ್ದರೆ ಶ್ರೀಲಂಕಾದ ಸ್ವಂತ ಪಾಲು 25 ಆದರೂ ಸಾಕು, ಎರಡೂ ದೇಶದ್ದು ಕೂಡಿ 35 ಆಗಬೇಕು.

ತಾಳೆ ಎಣ್ಣೆಯ ಕೋಡ್ 1511, ವನಸ್ಪತಿಯದ್ದು 1516. ಮಲೇಷ್ಯಾ, ಇಂಡೊನೇಷ್ಯಾದಿಂದ ತಂದ ತಾಳೆ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದರೆ ಕೋಡ್ ಬದಲಾಯಿತು, ಮೊದಲ ಪರೀಕ್ಷೆ ಪಾಸು. ತಾಮ್ರದ ಗುಜರಿ 7404, ಅದನ್ನು ಕರಗಿಸಿ ಎಳೆದ ತಂತಿ 7408. ಅದೂ ಪಾಸು. ಆಗ ಭಾರತದಲ್ಲಿ ತಾಳೆ ಎಣ್ಣೆ, ತಾಮ್ರ ಎರಡಕ್ಕೂ ಭಾರಿ ಸುಂಕ, ಶ್ರೀಲಂಕಾದಲ್ಲಿ ಕಡಿಮೆ. ಹಾಗಾಗಿ ಭಾರತದ ಉದ್ಯಮಿಗಳೇ ಪಾಲ್ಕ್ ಜಲಸಂಧಿ ದಾಟಿ ಹೋಗಿ ಕಾರ್ಖಾನೆ ಕಟ್ಟಿ, ಸರಕನ್ನು ಮರಳಿ ಭಾರತಕ್ಕೇ ಕಳಿಸಿದರು.

ಎರಡನೆಯ ಪರೀಕ್ಷೆ ತಾಮ್ರಕ್ಕೆ ಕಷ್ಟದ್ದು. ಗುಜರಿಯ ಬೆಲೆಗೂ ತಂತಿಯ ಬೆಲೆಗೂ ಅಂಥ ದೊಡ್ಡ ಅಂತರವಿಲ್ಲ. 100 ರೂಪಾಯಿಯ ತಂತಿಗೆ 80 ರೂಪಾಯಿಯ ಗುಜರಿ ಬೇಕಾದರೆ ಮೌಲ್ಯವರ್ಧನೆ 20 ಮಾತ್ರ, ನಪಾಸು. ಗುಜರಿಯನ್ನು 64ಕ್ಕೆ ಕೊಂಡೆವು ಎಂದು ಇನ್‌ವಾಯ್ಸ್‌ನಲ್ಲಿ ಬರೆಸಿದರೆ ಕೂತಲ್ಲೇ 36 ಆಗುತ್ತದೆ, ಪಾಸು. ಆಗ ಕೇಳಿಬಂದ ಆರೋಪ ಇದೇ. ಹಿಡಿಯುವ ದಾರಿಯೂ ಇದೆ. ತಾಮ್ರದ ಬೆಲೆ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ದಿನದಿನವೂ ಪ್ರಕಟವಾಗುತ್ತದೆ. ಅದಕ್ಕೆ ಗುಜರಿಯ ಬೆಲೆ ಹೋಲಿಸಿದರೆ ಸುಳ್ಳು ಗೊತ್ತಾಗುತ್ತದೆ. ಆದರೆ ಹೋಲಿಸಬೇಕಾದವರು ಸರಕು ತಮ್ಮಲ್ಲಿಯದೇ ಎಂಬ ಮೂಲ ಪ್ರಮಾಣಪತ್ರ ಕೊಡುವ ದೇಶದವರು. ತಮ್ಮ ದೇಶದ ರಫ್ತು ಏರುತ್ತಿರುವಾಗ ಅವರಿಗೆ ಅದರಲ್ಲಿ ಅವಸರವಿರುವುದಿಲ್ಲ. ಇದು ಶ್ರೀಲಂಕಾವನ್ನಷ್ಟೇ ಉದ್ದೇಶಿಸಿ ಹೇಳಿದ ಮಾತಲ್ಲ, ಯಾವ ದೇಶವಾದರೂ ಹಾಗೆಯೇ.

ಭಾರತದ ವನಸ್ಪತಿ ತಯಾರಕರು ಬೊಬ್ಬೆ ಹಾಕಿದ ಮೇಲೆ ವನಸ್ಪತಿ, ಬೇಕರಿ ಕೊಬ್ಬು, ಮಾರ್ಗರೀನ್ ಸೇರಿಸಿ ವರ್ಷಕ್ಕೆ 2.5 ಲಕ್ಷ ಟನ್ ಎಂದು ಮಿತಿ ಬಂತು. ಕೊನೆಗೆ ಆ ಕಾರ್ಖಾನೆಗಳನ್ನು ಮುಚ್ಚಿಸಿದ್ದು ಕೋಟಾ ಒಂದೇ ಅಲ್ಲ. 2008ರಲ್ಲಿ ಬೆಲೆಯೇರಿಕೆ ತಡೆಯಲು ಭಾರತ ಕಚ್ಚಾ ಖಾದ್ಯ ತೈಲದ ಸುಂಕವನ್ನೇ ತೆಗೆದುಹಾಕಿತು. ತಾಮ್ರದ ಸುಂಕವೂ ಆ ದಶಕದುದ್ದಕ್ಕೂ ಇಳಿಯುತ್ತ ಬಂದಿತ್ತು. ಅಂತರ ಕರಗಿತು, ಅದರ ಮೇಲೆ ನಿಂತಿದ್ದ ಉದ್ಯಮವೂ ಕರಗಿತು. ಕೆಲಸ ಕಳೆದುಕೊಂಡವರು ಶ್ರೀಲಂಕಾದ ಕಾರ್ಮಿಕರು. ಒಪ್ಪಂದದ ಬಗ್ಗೆ ಅಲ್ಲಿ ಇವತ್ತಿಗೂ ಇರುವ ಕಹಿಯಲ್ಲಿ ಇದರ ಪಾಲು ದೊಡ್ಡದು.

ಮೆಣಸು: ಎಲ್ಲಕ್ಕಿಂತ ಸುಲಭದ ನಿಯಮ, ಎಲ್ಲಕ್ಕಿಂತ ಕಷ್ಟದ ಕಾವಲು

ಮೆಣಸಿಗೆ ಈ ಶೇಕಡಾ ಲೆಕ್ಕ ಯಾವುದೂ ಬೇಡ. ಕೃಷಿ ಉತ್ಪನ್ನಕ್ಕೆ ನಿಯಮ ಒಂದೇ ಸಾಲಿನದು: ಆ ದೇಶದ ಮಣ್ಣಿನಲ್ಲಿ ಬೆಳೆದು ಕೊಯ್ದದ್ದಾಗಿರಬೇಕು. ಕಸ ತೆಗೆದರೆ, ಜರಡಿ ಹಿಡಿದರೆ, ಒಣಗಿಸಿದರೆ, ಹೊಸ ಚೀಲಕ್ಕೆ ತುಂಬಿದರೆ ಮೂಲ ಬದಲಾಗದು. ಪುಡಿ ಮಾಡಿದರೂ 0904 ಎಂಬ ಕೋಡ್ ಹಾಗೇ ಇರುತ್ತದೆ. ಓಲಿಯೋರೆಸಿನ್, ಅಂದರೆ ಮೆಣಸಿನ ಸಾರ ತೆಗೆದರೆ ಮಾತ್ರ 3301ಕ್ಕೆ ಹೋಗುತ್ತದೆ.

ನಿಯಮ ಇಷ್ಟು ಸ್ಪಷ್ಟವಾಗಿದ್ದೂ ಸೋರಿಕೆ ಯಾಕೆ? ಮಾತಲೆ, ಕ್ಯಾಂಡಿ, ಕೇಗಾಲೆ ಜಿಲ್ಲೆಗಳಲ್ಲಿ ನಿಜವಾದ ಮೆಣಸೂ ಬೆಳೆಯುತ್ತದೆ, ಅದೂ ಒಳ್ಳೆಯ ಮೆಣಸು. ಖಾರ ಕೊಡುವ ಪೈಪರಿನ್ ಮತ್ತು ಎಣ್ಣೆಯ ಅಂಶ ಜಾಸ್ತಿ, ಸಾರ ತೆಗೆಯುವ ಕಾರ್ಖಾನೆಗಳಿಗೆ ಅಚ್ಚುಮೆಚ್ಚು. ಬಹುಪಾಲು ಬರುವುದು ಮನೆ ಹಿತ್ತಲಿನ ಸಣ್ಣ ಬೆಳೆಗಾರರಿಂದ, ಊರ ವ್ಯಾಪಾರಿಯ ಕೈ ದಾಟಿ, ಪೇಟೆಯ ಮಂಡಿ ದಾಟಿ, ಕೊಲಂಬೊದ ರಫ್ತುದಾರನಿಗೆ. ನಮ್ಮಲ್ಲಿ ಐದು ಕಿಲೋ, ಹತ್ತು ಕಿಲೋ ಮೆಣಸು ಚೀಲದಲ್ಲಿ ಹಿಡಿದು ಸಂತೆ ದಿನ ಮಾರುವವರಿದ್ದಾರಲ್ಲ, ಹಾಗೆಯೇ. ಯಾವ ಚೀಲ ಯಾವ ತೋಟದ್ದು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ರಫ್ತುದಾರ ಕೊಲಂಬೊದ ವಾಣಿಜ್ಯ ಇಲಾಖೆಗೆ ಅರ್ಜಿ ಹಾಕಿ, ಖರೀದಿಯ ಚೀಟಿಗಳನ್ನು ತೋರಿಸಿ, ಮೂಲ ಪ್ರಮಾಣಪತ್ರ ಪಡೆಯುತ್ತಾನೆ. ಅದೇ ಗೋದಾಮಿನಲ್ಲಿ ಮರುರಫ್ತಿಗೆಂದು ತಂದ ವಿಯೆಟ್ನಾಂ ಮೆಣಸೂ ಇದ್ದರೆ ಎರಡು ರಾಶಿ ಒಂದಾಗಲು ಒಂದು ರಾತ್ರಿ ಸಾಕು. ಪ್ರಯೋಗಾಲಯದಲ್ಲಿ ಪೈಪರಿನ್ ಅಳೆದರೆ ಸಂಶಯಕ್ಕೆ ಆಧಾರ ಸಿಗಬಹುದು, ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿ ಸಿಗುವುದು ಕಷ್ಟ.

ಒಪ್ಪಂದದಡಿ ಸುಂಕವಿಲ್ಲದೆ ಬರಬಹುದಾದ ಮೆಣಸಿಗೆ ವರ್ಷಕ್ಕೆ 2,500 ಟನ್ ಮಿತಿ ಇದೆ. ಇದನ್ನು ಗೋಡೆ ಎಂದುಕೊಂಡವರು ಬಹಳ ಜನ. ಕೋಟಾ ಮುಗಿದ ಮೇಲೆ ಶೇ 70ಕ್ಕೆ ಹಾರಿದ್ದರೆ ಗೋಡೆಯಾಗುತ್ತಿತ್ತು. ಅದು ಹಾರುವುದು ಸಾಫ್ಟಾದ ಶೇ 8ಕ್ಕೆ. ಅಂದರೆ 2,500 ಟನ್ ಎಂಬುದು ಒಂದು ಮೆಟ್ಟಿಲು ಮಾತ್ರ, ದಾಟಲು ಕಿಲೋಗೆ 32 ರೂಪಾಯಿ ಖರ್ಚು. ಒಂದೇ ನೆರೆದೇಶದ ಜೊತೆ ಎರಡು ಒಪ್ಪಂದ ಒಟ್ಟಿಗೆ ಇದ್ದಾಗ ಬಿಗಿಯಾದದ್ದಕ್ಕೆ ಬೆಲೆ ಇರುವುದಿಲ್ಲ, ಸಡಿಲವಾದದ್ದೇ ನಡೆಯುತ್ತದೆ. ಒಪ್ಪಂದ ಬರೆಯುವವರು ಇದನ್ನು ಅಕ್ಕಪಕ್ಕ ಇಟ್ಟು ಓದಬೇಕಿತ್ತು.

2016ರ ಆಸುಪಾಸು ಕಿಲೋಗೆ 700 ರೂಪಾಯಿ ಕಂಡ ನಮ್ಮ ಮೆಣಸು, ವಿಯೆಟ್ನಾಂನ ಭಾರಿ ಫಸಲು ಜಗತ್ತಿನ ಮಾರುಕಟ್ಟೆಗೆ ಬಂದ ಮೇಲೆ ಕುಸಿಯತೊಡಗಿತು. ಬೆಲೆ ಬಿದ್ದದ್ದಕ್ಕೆ ಶ್ರೀಲಂಕಾ ಒಂದೇ ಕಾರಣ ಎನ್ನುವುದು ಸರಿಯಲ್ಲ. ಪ್ರಪಂಚದ ಬೆಲೆಯೇ ಬಿದ್ದಿತ್ತು. ಕೊಲಂಬೊ ದಾರಿ ಮಾಡಿದ್ದು, ಆ ಬಿದ್ದ ಬೆಲೆಯನ್ನು ಸುಂಕದ ಕಟ್ಟೆ ದಾಟಿಸಿ ಗೋಣಿಕೊಪ್ಪದ ಮಂಡಿಯವರೆಗೆ ತಂದದ್ದು. ಬೆಳೆಗಾರರ ಒತ್ತಾಯಕ್ಕೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿ, ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು.

ಈ 500 ರೂಪಾಯಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಿಜವಾದ ಬೆಲೆ 380 ಇದ್ದಾಗ ಇನ್‌ವಾಯ್ಸ್‌ನಲ್ಲಿ 500 ಎಂದು ಬರೆಸಿದರೆ ಏನಾಗುತ್ತದೆ? ಶೇ 50 ಸುಂಕದ ದಾರಿಯಲ್ಲಿ ಬಂದವ 190ರ ಬದಲು 250 ಸುಂಕ ಕಟ್ಟಬೇಕು. ಸುಳ್ಳಿಗೆ 60 ರೂಪಾಯಿ ದಂಡ ಬಿದ್ದಂತಾಯಿತು. ಶೇ 8ರ ದಾರಿಯಲ್ಲಿ ಸುಳ್ಳಿನ ಖರ್ಚು 10 ರೂಪಾಯಿಗಿಂತ ಕಡಿಮೆ. ಸೊನ್ನೆ ಸುಂಕದ ದಾರಿಯಲ್ಲಿ ಏನೂ ಇಲ್ಲ. ಆಮದಿನ ಮೇಲೆ ಕಟ್ಟುವ ಶೇ 5 ಜಿಎಸ್‌ಟಿಯನ್ನು ಮುಂದೆ ಹೊಂದಿಸಿಕೊಳ್ಳಬಹುದು. ಹೆಚ್ಚುವರಿ 120 ರೂಪಾಯಿ ಬ್ಯಾಂಕಿನ ಮೂಲಕ ಹೊರಗೆ ಹೋಗಿ ಹವಾಲಾದಲ್ಲಿ ವಾಪಸು ಬರುತ್ತದೆ. ಅಂದರೆ ಯಾವ ದಾರಿಯಲ್ಲಿ ಸೋರಿಕೆ ಹೆಚ್ಚೋ ಅಲ್ಲೇ ಕನಿಷ್ಠ ಬೆಲೆಯ ಬಿಗಿ ಎಲ್ಲಕ್ಕಿಂತ ಕಡಿಮೆ. ಹಿಡಿಯಬೇಕೆಂದರೆ ಬಂದರಿನ ಕಾಗದ ನೋಡಿದರೆ ಸಾಲದು, ಮುಂದಿನ ಕೊಂಡಿ ನೋಡಬೇಕು. 500ಕ್ಕೆ ಕೊಂಡೆ ಎಂದು ಬರೆದವ ತಿಂಗಳೊಳಗೆ 400ಕ್ಕೆ ಮಾರಿದ್ದರೆ, ತಿಂಗಳು ತಿಂಗಳೂ ನಷ್ಟದಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು ಕೇಳಬೇಕು. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದಿನ ಘೋಷಣಾ ಪತ್ರವನ್ನು ಜಿಎಸ್‌ಟಿ ಬಿಲ್ಲಿನ ಜೊತೆ ತಾಳೆ ನೋಡಿದರೆ ಉತ್ತರ ಸಿಗುತ್ತದೆ.

ಇನ್ನೊಂದು ಬಾಗಿಲು ರಫ್ತಿಗಾಗಿ ತರುವ ಮೆಣಸು. ಪುಡಿ ಮಾಡಿ, ಆವಿಯಲ್ಲಿ ಶುದ್ಧಗೊಳಿಸಿ, ಅಥವಾ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸುವವರಿಗೆ ಸುಂಕವೂ ಇಲ್ಲ, ಕನಿಷ್ಠ ಬೆಲೆಯ ತಡೆಯೂ ಇಲ್ಲ. ಈ ವಿನಾಯಿತಿ ಬೇಕು. ಕೇರಳದ ಓಲಿಯೋರೆಸಿನ್ ಉದ್ಯಮ ಅದರಿಂದ ಜಗತ್ತಿನಲ್ಲಿ ಹೆಸರು ಮಾಡಿದೆ. ಬರಿದೇ ಜರಡಿ ಹಿಡಿದು ಚೀಲ ತುಂಬುವವರಿಗೆ ಅದು ಸಿಗುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ತಂದ ಕಾಳಿಗೂ ಕಳಿಸಿದ ಸಾರಕ್ಕೂ ಇಳುವರಿಯ ಲೆಕ್ಕ ಹೊಂದುತ್ತದೆಯೇ ಎಂದು ನೋಡುವುದು ಅಧಿಕಾರಿಗಳ ಕೆಲಸ. ಅಲ್ಲಿ ಕಣ್ಣು ತಪ್ಪಿದರೆ ರಫ್ತಿನ ಹೆಸರಲ್ಲಿ ಬಂದದ್ದು ಒಳಮಾರುಕಟ್ಟೆಗೆ ಜಾರುತ್ತದೆ.

ಬೆಲೆ 600 ದಾಟಿದಾಗ 500ರ ಮಿತಿ ಏನೂ ಮಾಡುವುದಿಲ್ಲ ಎಂಬುದನ್ನೂ ನೆನಪಿಡಿ. ಮೊತ್ತವನ್ನು ಒಮ್ಮೆ ನಿಗದಿ ಮಾಡಿ ಮರೆತುಬಿಟ್ಟರೆ ಬೆಲೆ ಮತ್ತೆ ಬೀಳುವವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ.

ಈ ಕಥೆಯಲ್ಲಿ ಮಾತಲೆಯ ಬೆಳೆಗಾರನ ಜಾಗ ಎಲ್ಲಿ? ಅವನ ಹೆಸರಿನಲ್ಲಿ ವಿಯೆಟ್ನಾಂ ಮೆಣಸು ಬಂತು, ಭಾರತ ಬಾಗಿಲು ಬಿಗಿ ಮಾಡಿದಾಗ ಅವನ ನಿಜವಾದ ಮೆಣಸೂ ಹೊರಗೆ ನಿಂತಿತು. ಅಲ್ಲಿನ ಬೆಳೆಗಾರರೂ ಮರುರಫ್ತಿನ ವಿರುದ್ಧ ದನಿ ಎತ್ತಿದರು. 2019ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರ ಮರುರಫ್ತಿಗೆಂದು ಮೆಣಸು, ಅಡಿಕೆ ಮುಂತಾದವನ್ನು ತರುವುದನ್ನು ನಿಷೇಧಿಸಿತು. ಪೊನ್ನಂಪೇಟೆಯ ಬೆಳೆಗಾರನಿಗೂ ಮಾತಲೆಯ ಬೆಳೆಗಾರನಿಗೂ ಈ ವಿಷಯದಲ್ಲಿ ಜಗಳವಿಲ್ಲ. ಇಬ್ಬರಿಗೂ ನಷ್ಟ ಮಾಡಿದವ ನಡುವೆ ನಿಂತು ಚೀಲ ಬದಲಿಸಿದವನು.

ನೇಪಾಳದ ಎಣ್ಣೆ, ಭೂತಾನದ ಅಡಿಕೆ

ಉತ್ತರದ ಗಡಿಯಲ್ಲೂ ಇದೇ ನಡೆದಿದೆ. ನೇಪಾಳದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ 1996ರಲ್ಲಿ ಮೌಲ್ಯವರ್ಧನೆಯ ಷರತ್ತನ್ನೇ ತೆಗೆದಿದ್ದರು. ವನಸ್ಪತಿ, ತಾಮ್ರ, ಅಕ್ರಿಲಿಕ್ ನೂಲು, ಸತುವಿನ ಆಕ್ಸೈಡ್ ಹರಿದು ಬಂದವು. 2002ರಲ್ಲಿ ಷರತ್ತು ಮರಳಿ ಬಂತು, ಆ ನಾಲ್ಕಕ್ಕೂ ಕೋಟಾ ಬಿತ್ತು. ವನಸ್ಪತಿಗೆ ಒಂದು ಲಕ್ಷ ಟನ್. ಆಮೇಲೆ ಸಾಫ್ಟಾ ದಾರಿ ತೆರೆಯಿತು. ತಾಳೆ ಬೆಳೆಯದ ನೇಪಾಳ 2019ರ ಹೊತ್ತಿಗೆ ತಾಳೆ ಎಣ್ಣೆಯ ದೊಡ್ಡ ರಫ್ತುದಾರ ದೇಶವಾಗಿತ್ತು. 2020ರ ಜನವರಿಯಲ್ಲಿ ಭಾರತ ಸಂಸ್ಕರಿಸಿದ ತಾಳೆ ಎಣ್ಣೆಯ ಆಮದಿಗೆ ಪರವಾನಗಿ ಬೇಕೆಂದಿತು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸೋಯಾ ಬೆಳೆಗಾರರಿಗಾಗಿ ಕಚ್ಚಾ ಖಾದ್ಯ ತೈಲದ ಒಟ್ಟು ಸುಂಕವನ್ನು ಶೇ 5.5ರಿಂದ 27.5ಕ್ಕೆ, ಸಂಸ್ಕರಿಸಿದ್ದರದ್ದನ್ನು ಶೇ 13.75ರಿಂದ 35.75ಕ್ಕೆ ಏರಿಸಿದ ತಿಂಗಳುಗಳಲ್ಲೇ ನೇಪಾಳದ ಸೋಯಾ ಎಣ್ಣೆ ರಫ್ತು ಚಿಮ್ಮಿತು. ಬಡ ದೇಶಗಳಿಗೆ ಸಾಫ್ಟಾ ಕೇಳುವ ಮೌಲ್ಯವರ್ಧನೆ ಶೇ 30. ಕಚ್ಚಾ ಎಣ್ಣೆಯ ಜಿಡ್ಡು, ಬಣ್ಣ, ವಾಸನೆ ತೆಗೆದು ಪ್ಯಾಕೆಟ್ ಮಾಡುವ ಖರ್ಚು ಎಣ್ಣೆಯ ಒಟ್ಟು ಬೆಲೆಯಲ್ಲಿ ಸಣ್ಣ ಪಾಲು. ಹಾಗಿದ್ದ ಮೇಲೆ 30 ಎಲ್ಲಿಂದ ಬಂತು ಎಂಬ ಪ್ರಶ್ನೆ ಕೇಳಲೇಬೇಕು. ದೆಹಲಿಯಲ್ಲಿ ಸುಂಕ ಏರಿಸುವ ಕಡತಕ್ಕೆ ಸಹಿ ಹಾಕುವ ದಿನವೇ ಕಠ್ಮಂಡುವಿನ ಕಡೆಯ ಬಾಗಿಲನ್ನೂ ಯೋಚಿಸಬೇಕು, ಏಕೆಂದರೆ ಸುಂಕ ಏರಿಸಿದಷ್ಟೂ ಆ ದಾರಿಯ ಲಾಭ ಏರುತ್ತದೆ.

ಭೂತಾನದ ವಿಷಯಕ್ಕೆ ಬಂದರೆ ಮಲೆನಾಡಿನಲ್ಲಿ ಗಾಬರಿಯಾದದ್ದು ಗೊತ್ತೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನದಿಂದ ತರಲು ಕೇಂದ್ರ ಒಪ್ಪಿತು. ಆ ಗಾಬರಿ ಅಂಕಿಗೆ ತಕ್ಕದ್ದಲ್ಲ ಎಂದೇ ಹೇಳಬೇಕು. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಕೈಗೆ ಸಿಗುವುದು 12–13 ಕಿಲೋ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 17,000 ಟನ್ ಹಸಿ ಎಂದರೆ ಒಣಗಿದ ಲೆಕ್ಕದಲ್ಲಿ ಎರಡು ಸಾವಿರ ಟನ್ ಚಿಲ್ಲರೆ. ಕರ್ನಾಟಕದ ಬೆಳೆಯ ಮುಂದೆ ಅದು ಬೆಲೆ ಅಲುಗಾಡಿಸುವ ಮೊತ್ತವಲ್ಲ. ಅದಕ್ಕಿಂತ ಮುಖ್ಯ, ಈ ಅನುಮತಿಯ ವಿನ್ಯಾಸ ಚೆನ್ನಾಗಿದೆ. ಹಸಿ ಅಡಿಕೆ ಮಾತ್ರ, ಮೊತ್ತ ನಿಗದಿ, ಆಗ ಬರಬೇಕಿದ್ದದ್ದು ಜೈಗಾಂವ್ ಎಂಬ ಒಂದೇ ಗಡಿ ಠಾಣೆಯಲ್ಲಿ. ಹಸಿ ಅಡಿಕೆ ವಾರಗಟ್ಟಲೆ ದಾರಿಯಲ್ಲಿ ತಾಳುವುದಿಲ್ಲ. ಇಂಡೊನೇಷ್ಯಾದ, ಬರ್ಮಾದ ಒಣ ಅಡಿಕೆ ಈ ವೇಷ ಹಾಕಿಕೊಂಡು ಬರಲಾರದು. ನೆರೆಯವರಿಗೆ ರಿಯಾಯಿತಿ ಕೊಡುವುದಾದರೆ ಹೀಗೆ ಕೊಡಬೇಕು.

ನಿಜವಾದ ಅಪಾಯ ಬಂದದ್ದು ಕೋಡಿನ ಸಂದಿಯಿಂದ. ಒಣ ಅಡಿಕೆ 0802, ಸುಂಕ ಶೇ 100, ಕನಿಷ್ಠ ಬೆಲೆ 2023ರ ಫೆಬ್ರುವರಿಯಿಂದ ಕಿಲೋಗೆ 351 ರೂಪಾಯಿ. ಅದನ್ನೇ ಹುರಿದರೆ 2008 ಎಂಬ ಕೋಡಿಗೆ ಜಿಗಿಯುತ್ತದೆ, ಆಸಿಯಾನ್ ರಿಯಾಯಿತಿ ಸಿಗುತ್ತದೆ, ಕನಿಷ್ಠ ಬೆಲೆಯೂ ಅನ್ವಯಿಸುತ್ತಿರಲಿಲ್ಲ. ಹುರಿದ ಅಡಿಕೆಗೂ 351ರ ಮಿತಿ ಹಾಕಲು 2025ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಕಾಗದದ ಹಿಂದೆ ಏನಿದೆ ಎಂದು ಕೇಳುವ ಅಧಿಕಾರ

2020ರವರೆಗೆ ನಮ್ಮ ಕಸ್ಟಮ್ಸ್ ಅಧಿಕಾರಿ ಮೂಲ ಪ್ರಮಾಣಪತ್ರದ ಸಹಿ, ಮುದ್ರೆ ಸರಿ ಇದ್ದರೆ ಹೆಚ್ಚಿಗೆ ಕೇಳುವುದು ಕಷ್ಟವಿತ್ತು. ಆ ವರ್ಷ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಕಲಂ ಸೇರಿತು, ಸೆಪ್ಟೆಂಬರ್ 21ರಿಂದ ಕ್ಯಾರೊಟಾರ್ ಎಂಬ ನಿಯಮಗಳು ಜಾರಿಗೆ ಬಂದವು. ಈಗ ಪ್ರಮಾಣಪತ್ರ ಇದ್ದರೆ ಸಾಲದು. ಸರಕು ಎಲ್ಲಿ, ಹೇಗೆ ತಯಾರಾಯಿತು, ಕಚ್ಚಾವಸ್ತು ಎಷ್ಟು, ಮೌಲ್ಯವರ್ಧನೆ ಎಷ್ಟು ಎಂಬ ವಿವರ ಆಮದುದಾರನ ಬಳಿಯೇ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ಪ್ರಮಾಣಪತ್ರ ಕೊಟ್ಟ ದೇಶಕ್ಕೇ ಬರೆದು ಪರಿಶೀಲನೆ ಕೇಳಬಹುದು. ಒಪ್ಪಂದದಲ್ಲಿ ಬೇರೆ ಗಡುವು ಇಲ್ಲದಿದ್ದರೆ ಅರವತ್ತು ದಿನ. ಇದು ಒಳ್ಳೆಯ ಬದಲಾವಣೆ. ಹೊಣೆ ಲಾಭ ಪಡೆಯುವವನ ಹೆಗಲಿಗೆ ಬಂತು. ಆದರೆ ಇದೇ ಅಧಿಕಾರವನ್ನು ಎಲ್ಲ ಸರಕಿನ ಮೇಲೆ ಕುರುಡಾಗಿ ಪ್ರಯೋಗಿಸಿದರೆ ಶ್ರೀಲಂಕಾದ ಸಣ್ಣ ಬಿಸ್ಕತ್ತು ತಯಾರಕ ಬಂದರಿನಲ್ಲಿ ಬಾಡಿಗೆ ಕಟ್ಟುತ್ತ ಕೂರುತ್ತಾನೆ. ಆಹಾರ ಪದಾರ್ಥಕ್ಕೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ವರದಿ ಬರುವವರೆಗಿನ ಕಾಯುವಿಕೆಯ ಬಗ್ಗೆ ಅಲ್ಲಿನವರ ದೂರು ಹಳೆಯದು, ನ್ಯಾಯವಾದದ್ದೂ ಹೌದು.

ಅಲ್ಲಿ ಕೇಳಿಬರುವ ಇನ್ನೊಂದು ದೂರು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಪ್ಪಂದದಿಂದಲೇ ಭಾರತದ ಸರಕು ತುಂಬಿ ವ್ಯಾಪಾರ ಕೊರತೆ ಬೆಳೆಯಿತು ಎನ್ನುತ್ತಾರೆ. ನಾವು ಅಲ್ಲಿಗೆ ಕಳಿಸುವ ದೊಡ್ಡ ಸರಕು ಪೆಟ್ರೋಲಿಯಂ ಮತ್ತು ವಾಹನ. ಎರಡೂ ಅವರ ನೆಗೆಟಿವ್ ಲಿಸ್ಟಿನಲ್ಲಿವೆ, ಒಪ್ಪಂದದ ರಿಯಾಯಿತಿ ಇಲ್ಲದೆಯೇ ಹೋಗುತ್ತವೆ. ಒಪ್ಪಂದವನ್ನು ಹೆಚ್ಚು ಬಳಸಿಕೊಳ್ಳುತ್ತಿರುವುದು ಶ್ರೀಲಂಕಾದ ರಫ್ತುದಾರರೇ: ಪಶು ಆಹಾರ, ವಿದ್ಯುತ್ ತಂತಿ, ಉಡುಪು, ಮೆಣಸು.

ಈ ಒಪ್ಪಂದವನ್ನು ಸೇವೆ ಮತ್ತು ಹೂಡಿಕೆಗೂ ವಿಸ್ತರಿಸುವ ಮಾತುಕತೆ 2008ರಲ್ಲಿ ಸಹಿಯ ಹೊಸ್ತಿಲಲ್ಲಿ ನಿಂತಿತು. 2016ರಲ್ಲಿ ಇಟ್ಕಾ ಎಂಬ ಹೊಸ ಹೆಸರಿನಲ್ಲಿ ಮತ್ತೆ ಶುರುವಾಗಿ, ಅಲ್ಲಿನ ವೈದ್ಯರು, ಐಟಿ ವೃತ್ತಿಪರರ ಸಂಘಗಳ ವಿರೋಧದ ನಡುವೆ 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಎದ್ದಿದೆ. ಮೆಣಸು ಬೆಳೆಯುವ ನಮ್ಮ ಸಂಘಗಳು ಮಾತಾಡಬೇಕಾದ ಹೊತ್ತು ಇದು. "ಆಮದು ನಿಲ್ಲಿಸಿ" ಎಂಬ ಮನವಿ ದೆಹಲಿಯಲ್ಲಿ ಕಪಾಟು ಸೇರುತ್ತದೆ. ಕೇಳಬೇಕಾದದ್ದು ನಿಖರವಾಗಿರಲಿ. ಕೋಟಾ ಮೀರಿದ ಮೆಣಸಿಗೆ ಸಾಫ್ಟಾದ ಶೇ 8 ಅನ್ವಯಿಸದಂತೆ ಎರಡು ಒಪ್ಪಂದಗಳನ್ನು ಹೊಂದಿಸಬೇಕು. ಪ್ರಮಾಣಪತ್ರಕ್ಕೆ ಜಿಲ್ಲೆಯ ಹೆಸರು, ಖರೀದಿ ಚೀಟಿಗಳು ಜೊತೆಗಿರಬೇಕು. ಎರಡೂ ದೇಶಗಳ ಕಸ್ಟಮ್ಸ್ ತಮ್ಮ ಆಮದು–ರಫ್ತಿನ ಅಂಕಿಯನ್ನು ಪ್ರತಿ ತಿಂಗಳು ಹಂಚಿಕೊಳ್ಳಬೇಕು.

ಅಂಕಿ ನೋಡುವುದಕ್ಕೆ ಸರ್ಕಾರವನ್ನೇ ಕಾಯಬೇಕಿಲ್ಲ. ಕೇಂದ್ರ ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ಎಚ್‌ಎಸ್ 0904ರಡಿ ಬರುವ ಕಾಳುಮೆಣಸಿನ ಎಂಟಂಕಿಯ ಕೋಡ್ ಹಾಕಿ ದೇಶ ಆರಿಸಿದರೆ ಯಾವ ತಿಂಗಳು ಎಷ್ಟು ಟನ್, ಎಷ್ಟು ಮೊತ್ತಕ್ಕೆ ಬಂತು ಎಂಬುದು ಸಿಗುತ್ತದೆ. ಮೊತ್ತವನ್ನು ತೂಕದಿಂದ ಭಾಗಿಸಿ. ಪ್ರಪಂಚದ ಬೆಲೆ ಏರಿಳಿಯುತ್ತಿರುವಾಗ ಶ್ರೀಲಂಕಾದ ಸರಾಸರಿ ಮಾತ್ರ ತಿಂಗಳಾನುಗಟ್ಟಲೆ 500ರ ಮೇಲೆ ಅಂಟಿಕೊಂಡು ಕೂತಿದ್ದರೆ, ಅಥವಾ ಅಲ್ಲಿ ಕೊಯ್ಲೇ ಇಲ್ಲದ ತಿಂಗಳಲ್ಲಿ ತೂಕ ಜಿಗಿದಿದ್ದರೆ, ಆ ಎರಡು ಸಾಲುಗಳನ್ನು ಮುದ್ರಿಸಿ ಮನವಿಯ ಮೊದಲ ಪುಟಕ್ಕೆ ಲಗತ್ತಿಸಿ.